ಅಲ್ಲಾಡ್ಬೇಡಿ ಮಾಮನ ಸ್ಕ್ರೀನ್‌ಶಾಟ್

ನನ್ನ ಬಾಲ್ಯಕ್ಕೆ ಒಂದು ವಾಸನೆಯಿದೆ. ವಿನೆಗರ್ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಚುರ್ರೆನ್ನುವ ಹುಳಿ, ಅದರ ಹಿಂದೆಯೇ ಸುಟ್ಟ ಬೆಂಕಿಕಡ್ಡಿಯ ಘಾಟು, ಕೊನೆಗೆ ಒದ್ದೆ ಕಾಗದದ ತಂಪು. ಅದು ಫೋಟೋ ತೊಳೆಯುವ ದ್ರಾವಣದ ವಾಸನೆ. ಅಪ್ಪನ ಸ್ಟುಡಿಯೋ ಕೆಳಗೆ, ನಮ್ಮ ಮನೆ ಮೇಲೆ. ಮೆಟ್ಟಿಲ ಬುಡದಲ್ಲಿದ್ದ ಡಾರ್ಕ್‌ರೂಮಿನಿಂದ ಆ ವಾಸನೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಹಾಸಿಗೆ, ಪಠ್ಯಪುಸ್ತಕ, ಅಮ್ಮನ ಮಡಿಲು ಎಲ್ಲವನ್ನೂ ಸೇರಿಕೊಳ್ಳುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಒಮ್ಮೆ, "ನಿಮ್ಮನೇಲಿ ದಿನಾ ಏನನ್ನ ಹುಳಿ ಹಾಕ್ತೀರಿ?" ಎಂದು ಕೇಳಿದಳು. "ಜನರ ಮುಖಾನ" ಎಂದು ನನ್ನ ತಮ್ಮ ಉತ್ತರ ಕೊಟ್ಟ. ಆಗಲೇ ಅವನಿಗೆ ಕಸುಬಿನ ಅಭಿಮಾನ.

ನಮ್ಮ ಮನೆಯವರಿಗೆ ಅಲುಗಾಡದೆ ಕೂರುವುದು ರಕ್ತದಲ್ಲೇ ಬಂದ ವಿದ್ಯೆ. ಅಪ್ಪನ ಕ್ಯಾಮೆರಾ ಆತುರದ್ದಲ್ಲ. ನೋಡಿ, ಯೋಚಿಸಿ, ಇನ್ನೊಮ್ಮೆ ಯೋಚಿಸಿ ಕಣ್ಣು ಮುಚ್ಚುವ ಜಾತಿಯದು. ಹೊಸ ದೀಪ ಬಂದರೂ ಹೊಸ ಪರದೆ ಬಂದರೂ ಅದರ ಮುಂದೆ ಪರೀಕ್ಷೆಗೆ ಕೂರುತ್ತಿದ್ದವರು ನಾವಿಬ್ಬರು ಮಕ್ಕಳೇ. ಮೂಗಿನ ಮೇಲೆ ನೊಣ ಬಂದು ಕೂತು, ರೆಕ್ಕೆ ಒರೆಸಿಕೊಂಡು, ಸಮಾಧಾನವಾಗಿ ಎದ್ದು ಹೋದರೂ ನಮ್ಮ ಹುಬ್ಬು ಕದಲುತ್ತಿರಲಿಲ್ಲ. ಮುಂದೆ ಮದುವೆಯಾಗಿ ಬಂದ ತಮ್ಮನ ಹೆಂಡತಿಯೂ, ಹುಟ್ಟಿದ ಮಗಳೂ ಈ ವಿದ್ಯೆಯಲ್ಲಿ ನಮ್ಮನ್ನೇ ಮೀರಿಸಿದರು.

ಅಪ್ಪನ ನಂತರ ಸ್ಟುಡಿಯೋ ತಮ್ಮನ ಕೈಗೆ ಬಂತು. ಕ್ಯಾಮೆರಾ ಬದಲಾಯಿತು, ಅವನ ಮಾತು ಬದಲಾಗಲಿಲ್ಲ. "ಅಲ್ಲಾಡ್ಬೇಡಿ." ಶಾಲೆಯ ಮಕ್ಕಳಿಗೂ ಅದೇ, ವಧೂವರರಿಗೂ ಅದೇ. ಒಮ್ಮೆ ಸಾವಿನ ಮನೆಯಲ್ಲಿ ಫೋಟೋ ತೆಗೆಯಲು ಹೋದಾಗ ಮಲಗಿದ್ದವರಿಗೂ ಅಭ್ಯಾಸಬಲದಿಂದ ಅದನ್ನೇ ಹೇಳಿದನಂತೆ. ಅಂದಿನಿಂದ ಇಡೀ ಊರಿಗೆ ಅವನು ಅಲ್ಲಾಡ್ಬೇಡಿ ಮಾಮ. ಅವನ ನಿಜವಾದ ಹೆಸರು ಅಂಚೆಯವನಿಗೂ ಮರೆತಿದೆ.

ನಮ್ಮ ಹಜಾರದ ಗೋಡೆಯ ತುಂಬಾ ಅವನು ತೆಗೆದ ಮನೆಮಂದಿಯ ಫೋಟೋಗಳಿವೆ. ಒಂದರಲ್ಲೂ ಅವನಿಲ್ಲ. ಯಾಕೋ ಅಂದರೆ, "ಅಡುಗೆಯವನು ಪಾತ್ರೆ ಒಳಗೆ ಕೂರ್ತಾನೇನಕ್ಕ?" ಎನ್ನುತ್ತಾನೆ.

ಕಾಲ ಸರಿದು ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂತು, ಸ್ಟುಡಿಯೋ ಮುಚ್ಚಿತು. ಆ ಜಾಗದಲ್ಲಿ ಈಗ ಟೈಲರ್ ಮಾಸ್ಟ್ರು ಹೊಲಿಗೆ ಯಂತ್ರ ಹಾಕಿಕೊಂಡಿದ್ದಾರೆ. ಕೆಲಸದಿಂದ ನಿವೃತ್ತಳಾದ ನಾನು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಹಜಾರದ ಗೋಡೆಯಲ್ಲಿ ಒಂದು ಮೊಳೆ ಮಾತ್ರ ಖಾಲಿ ಉಳಿದಿತ್ತು. ಅದು ಮಗಳ ಮದುವೆಯ ಮಾತುಕತೆಯ ಫೋಟೋಗೆ ಎಂದು ತಮ್ಮ ಯಾವತ್ತೋ ಹೊಡೆದಿಟ್ಟಿದ್ದ.

ಆ ಮಾತುಕತೆ ಈಗ ಬಂತು. ಮಗಳು ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಮತ್ತೆ ನಡೆಯಲು ಕಲಿಸುತ್ತಾಳೆ. ಅದೇ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಹುಡುಗನನ್ನು ಮೆಚ್ಚಿದ್ದಳು. "ಎಕ್ಸ್‌ರೇನೂ ಫೋಟೋನೇ. ಅಲ್ಲೂ ಅಲ್ಲಾಡ್ಬೇಡಿ ಅಂತಾರೆ" ಎಂದು ತಮ್ಮ ಕೂಡಲೇ ಒಪ್ಪಿಬಿಟ್ಟ. ತೊಡಕು ಇದ್ದದ್ದು ಹುಡುಗನ ತಂದೆಯಲ್ಲಿ. ಅವರು ರೈಲಿನಲ್ಲಿ ಟಿಕೆಟ್ ಪರೀಕ್ಷಿಸುತ್ತಾ ತಲೆ ಹಣ್ಣಾದವರು. ಟಿಕೆಟ್ ಇಲ್ಲದವರನ್ನು ಕೇಳುವ ಮೊದಲೇ ಮುಖ ನೋಡಿ ಗುರುತಿಸುತ್ತಿದ್ದರಂತೆ. ಈ ಸಂಬಂಧದ ಬಗ್ಗೆ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಮೊದಲು ಮನೆಯವರ ಮುಖ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದುಬಿಟ್ಟಿದ್ದರು. ಹುಡುಗನ ತಾಯಿಗೆ ಮಂಡಿಯ ಆಪರೇಷನ್ ಆಗಿ ಪ್ರಯಾಣ ಸಾಧ್ಯವಿರಲಿಲ್ಲ. ಹಾಗಾಗಿ ಮುಖ ನೋಡುವ ಕೆಲಸ ಲ್ಯಾಪ್‌ಟಾಪಿನ ಪಾಲಿಗೆ ಬಂತು. ಹುಡುಗ ರಜೆ ಹಾಕಿ ತನ್ನೂರಿಗೆ ಹೋಗಿ, ಅಪ್ಪ ಅಮ್ಮನ ಜೊತೆ ಕೂತು ಆ ಕಡೆಯಿಂದ ಕರೆ ಮಾಡುವುದೆಂದು ನಿಶ್ಚಯವಾಯಿತು.

"ಎರಡೂ ಮನೆಯವರು ಮೊದಲ ಸಲ ಎದುರಾಗೋದು. ಗ್ರೂಪ್ ಫೋಟೋ ಆಗ್ಲೇಬೇಕು" ಎಂದ ತಮ್ಮ.

"ಸ್ಕ್ರೀನ್‌ಶಾಟ್ ತಾನೇ? ನಾನೇ ತೆಗೀತೀನಿ ಬಿಡಪ್ಪ" ಎಂದಳು ಮಗಳು.

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. "ಊರೋರ್ದೆಲ್ಲ ಫೋಟೋ ತೆಗೆದೋನು ನಾನು. ಮಗಳ ಮದುವೆ ಮಾತಿಗೆ ಮಗಳ ಕೈಲಿ ಫೋಟೋ ತೆಗೆಸ್ಲಾ? ಯಾವ ಗುಂಡಿ, ಅದನ್ನ ಹೇಳು ಸಾಕು."

ಅವಳು ತಾಳ್ಮೆಯಿಂದ ತೋರಿಸಿದಳು. ಇದು ಅವಳು ಬಳಸಿಬಿಟ್ಟ ಹಳೆಯ ಲ್ಯಾಪ್‌ಟಾಪು. ಎಡಮೂಲೆಯಲ್ಲಿ ಎಫ್‌ಎನ್ ಎಂದು ಬರೆದ ಗುಂಡಿ, ಅದರ ಪಕ್ಕದಲ್ಲಿ ನಾಲ್ಕು ಚೌಕದ ಕಿಟಕಿಯ ಚಿತ್ರವಿರುವ ಗುಂಡಿ. ಇವೆರಡನ್ನೂ ಎಡಗೈಯಲ್ಲಿ ಒತ್ತಿ ಹಿಡಿದು, ಮೇಲಿನ ಸಾಲಿನ ಬಲಗಡೆಯ ಪ್ರಿಂಟ್ ಸ್ಕ್ರೀನ್ ಗುಂಡಿಯನ್ನು ಬಲಗೈಯಲ್ಲಿ ಒತ್ತಬೇಕು. ಪರದೆಯ ಮೇಲಿರುವುದೆಲ್ಲ ಹಾಗೇ ಚಿತ್ರವಾಗಿ, ಚಿತ್ರಗಳ ಫೋಲ್ಡರಿನೊಳಗೆ ಸ್ಕ್ರೀನ್‌ಶಾಟ್ ಎಂಬ ಇನ್ನೊಂದು ಫೋಲ್ಡರಿಗೆ ಹೋಗಿ ಕೂರುತ್ತದೆ.

ತಮ್ಮ ಗುಂಡಿಗಳನ್ನು ಬಹಳ ಹೊತ್ತು ದಿಟ್ಟಿಸಿದ. "ಪ್ರಿಂಟ್ ಗುಂಡಿ ಸರಿ. ತೆಗೆಯೋ ಗುಂಡಿ ಯಾವುದು?"

"ಅದೇ ಅಪ್ಪ."

"ತೆಗೆಯದೆ ಪ್ರಿಂಟ್ ಹೇಗೆ ಹಾಕ್ತಾರೆ? ಮೊದಲು ತೆಗೀಬೇಕು, ತೊಳೀಬೇಕು, ಒಣಗಿಸ್ಬೇಕು, ಆಮೇಲಲ್ವಾ ಪ್ರಿಂಟು?"

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನನಗೂ ಅವನ ವಾದದಲ್ಲಿ ತಪ್ಪು ಕಾಣಲಿಲ್ಲ. ಮಗಳು ಹಣೆ ಒತ್ತಿಕೊಂಡು, "ಈ ಕಾಲದಲ್ಲಿ ಎಲ್ಲಾ ಒಟ್ಟಿಗೇ ಆಗುತ್ತಪ್ಪ. ಇನ್ನೊಂದು ಮುಖ್ಯವಾದ ವಿಷ್ಯ. ಫೋಟೋ ಆದಾಗ ಸ್ಕ್ರೀನು..." ಎಂದು ಶುರುಮಾಡಿದಳು.

"ಸಾಕು. ಮೂರು ಬೆರಳಿನ ಕೆಲಸಕ್ಕೆ ಮೂರು ಗಂಟೆ ಪಾಠ ಬೇಡ."

"ಒಂದ್ಸಲ ಒತ್ತಿ ನೋಡಾದ್ರೂ ನೋಡು."

"ಫಿಲ್ಮ್ ಯಾಕೆ ದಂಡ ಮಾಡ್ಲಿ?" ಎಂದು ತಮ್ಮ ಎದ್ದುಹೋದ. ಗ್ರಹಚಾರವೆಲ್ಲ ಆ ಅರ್ಧಕ್ಕೆ ನಿಂತ ವಾಕ್ಯದಲ್ಲಿತ್ತು.

ಆ ದಿನ ಬೆಳಿಗ್ಗೆಯಿಂದ ಹಜಾರ ಮತ್ತೆ ಸ್ಟುಡಿಯೋ ಆಯಿತು. ಲ್ಯಾಪ್‌ಟಾಪು ಒಂದು ಎತ್ತರದ ಸ್ಟೂಲಿನ ಮೇಲೆ. ಅದರ ಎದುರು ಮೂರು ಕುರ್ಚಿ: ನಡುವೆ ಮಗಳು, ಒಂದು ಬದಿ ತಾಯಿ, ಇನ್ನೊಂದು ಬದಿ ನಾನು. ನಮ್ಮ ಹಿಂದೆ ಗೋಡೆಗೆ ಹಾಕಿದ ಫ್ಯಾನು. ಒಂದು ಪಕ್ಕದಲ್ಲಿ, ಅಟ್ಟದಿಂದ ಇಳಿಸಿದ ಸ್ಟುಡಿಯೋ ದೀಪ; ಅದಕ್ಕೆ ಬಿಳಿ ಬಟ್ಟೆಯ ಮುಸುಕು, ಮುಸುಕಿಗೆ ವರ್ಷಗಟ್ಟಲೆಯ ಧೂಳು.

"ಅದನ್ನ ಹಚ್ಚಿದ್ರೆ ನೋಡಿ ಮತ್ತೆ" ಎಂದಳು ತಮ್ಮನ ಹೆಂಡತಿ.

"ಹಚ್ಚಲ್ಲ ಮಾರಾಯ್ತಿ. ಸುಮ್ನೆ ಇರ್ಲಿ ಜೊತೆಗೆ."

ಫೋನುಗಳು ನಡುವೆ ಬಡಿದುಕೊಳ್ಳಬಾರದೆಂದು ಎಲ್ಲರದ್ದನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿ ಕೆಳಗೆ ಡಾರ್ಕ್‌ರೂಮಿನಲ್ಲಿಟ್ಟು ಬಂದ. ಊಟವನ್ನೂ ಮುಂದೂಡಿದ. ಉಂಡ ಮುಖ ಊದಿಕೊಂಡು ಕಾಣುತ್ತದಂತೆ. ಆಮೇಲೆ ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನಮ್ಮನ್ನು ನೋಡಿದವನೇ ತಲೆ ಕೊಡವಿದ. "ಎಡಗಡೆ ಖಾಲಿ ಹೊಡೀತಿದೆ. ತೂಕ ಇಲ್ಲ."

ತೂಕಕ್ಕೆ ಅವನೇ ಕೂರಬಹುದಿತ್ತು. ನಾನು ಹೇಳಿದೆ ಕೂಡ. ಅವನು ಕೆಳಗಿಳಿದು ಹೋಗಿ ಟೈಲರ್ ಮಾಸ್ಟ್ರನ್ನು ಕರೆತಂದ. ಪಾಪ, ಯಾರದ್ದೋ ಪ್ಯಾಂಟು ಅರ್ಧಕ್ಕೆ ಬಿಟ್ಟು, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದ ಮನುಷ್ಯ.

"ಸಾರ್, ನಾನು ಯಾರ ಲೆಕ್ಕದಲ್ಲಿ ಕೂರ್ಲಿ?"

"ತೂಕದ ಲೆಕ್ಕದಲ್ಲಿ ಕೂರಿ ಮಾಸ್ಟ್ರೇ. ಅಲ್ಲಾಡ್ಬೇಡಿ."

ಅಷ್ಟರಲ್ಲಿ ಲ್ಯಾಪ್‌ಟಾಪು ಗುಣುಗುಟ್ಟಿತು. ಮಗಳು ಗುಂಡಿ ಒತ್ತಿ ಕುರ್ಚಿಗೆ ಓಡಿದಳು. ಪರದೆಯ ಒಂದು ಅರ್ಧದಲ್ಲಿ ನಾವು, ಇನ್ನೊಂದು ಅರ್ಧದಲ್ಲಿ ಮೂರು ಹೊಸ ಮುಖಗಳು ಮೂಡಿದವು. ಸೋಫಾದ ನಡುವೆ ಕೋಟು ಟೈ ತೊಟ್ಟ ಟಿಕೆಟ್ ಕಲೆಕ್ಟರು, ಪಕ್ಕದಲ್ಲಿ ದುಂಡು ಮುಖದ ತಾಯಿ, ಮೂಲೆಯಲ್ಲಿ ಬೆವರುತ್ತಾ ಕೂತ ಹುಡುಗ. ಆಕೆ ನರ್ಸಾಗಿದ್ದವರು, ನಮ್ಮನ್ನು ನೋಡಿದ ಕೂಡಲೇ ಅವರ ಕಣ್ಣು ಎಲ್ಲರ ನಾಡಿ ಹಿಡಿದು ಬಂದಂತಿತ್ತು.

"ನಮಸ್ಕಾರ, ನಮಸ್ಕಾರ. ಎಲ್ಲಾ ಆರಾಮಾ?" ಎಂದರು ನರ್ಸಮ್ಮ.

ನಾವು ಬಾಯಿ ತೆರೆಯುವಷ್ಟರಲ್ಲಿ ಸ್ಟೂಲಿನ ಪಕ್ಕದಿಂದ ಪಿಸುದನಿ ಬಂತು. "ಮಾತಾಡ್ಬೇಡಿ. ಮೊದಲು ಫೋಟೋ, ಆಮೇಲೆ ಮಾತು. ಮಾತಾಡಿದ್ರೆ ನಗು ಸವೆದುಹೋಗುತ್ತೆ."

ತಮ್ಮ ಲ್ಯಾಪ್‌ಟಾಪಿನ ಕಣ್ಣಿಗೆ ಬೀಳದಂತೆ ಅದರ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಎರಡು ಕೈ ಮಾತ್ರ ಗುಂಡಿಗಳ ಮೇಲಿದ್ದವು. ಮೇಲಿನ ಸಾಲಿನಲ್ಲಿ ತಡಕಾಡುತ್ತಾ ಎಂಥದ್ದೋ ಒಂದನ್ನು ಒತ್ತಿದ. ಆ ಗುಂಡಿಯ ಮೇಲೆ ಪುಟ್ಟ ಕೆಂಪು ದೀಪ ಹತ್ತಿತು. ಅವನ ಮುಖ ಅರಳಿತು. ಡಾರ್ಕ್‌ರೂಮಿನಲ್ಲಿ ಬೆಳೆದವನಿಗೆ ಕೆಂಪು ದೀಪದಷ್ಟು ಕ್ಷೇಮವಾದದ್ದು ಬೇರೊಂದಿಲ್ಲ. ಅದು ಹತ್ತಿದರೆ ಏನೂ ಕೆಡುವುದಿಲ್ಲ ಎಂದರ್ಥ.

ಲ್ಯಾಪ್‌ಟಾಪಿನ ಭಾಷೆಯಲ್ಲಿ ಅದಕ್ಕೆ, ಇನ್ನು ಮುಂದೆ ಈ ಮನೆಯ ದನಿ ಆ ಮನೆಗೆ ಕೇಳಿಸುವುದಿಲ್ಲ ಎಂದರ್ಥ. ಇದು ನಮಗೆ ಆಮೇಲೆ ತಿಳಿಯಿತು.

"ರೆಡಿ. ಅಲ್ಲಾಡ್ಬೇಡಿ."

ನಾವು ಕಲ್ಲಾದೆವು. ಅವನು ಮೂರು ಗುಂಡಿ ಒತ್ತಿದ. ಪರದೆ ಒಂದು ಗಳಿಗೆ ಮಂಕಾಗಿ ಮತ್ತೆ ಬೆಳಗಿತು.

"ಬಂತಪ್ಪ" ಎಂದಳು ಮಗಳು, ತುಟಿ ಅಲುಗಿಸದೆ.

"ಎಲ್ಲಿ ಬಂತು? ಬೆಳಕೇ ಬಿದ್ದೋಯ್ತು. ಇನ್ನೊಂದು."

ಮಂಕಾದದ್ದೇ ಫೋಟೋ ಆಯಿತೆಂಬ ಗುರುತು. ಮೊನ್ನೆ ಅವಳು ಹೇಳಹೊರಟದ್ದು ಅದನ್ನೇ. ಆದರೆ ಅವನ ಕಸುಬಿನಲ್ಲಿ ಫೋಟೋ ತೆಗೆದಾಗ ಬೆಳಕು ಫಳ್ಳೆಂದು ಏರಬೇಕು, ಇಳಿಯಬಾರದು. ಇಳಿದರೆ ಕಪ್ಪು ಬಂತೆಂದೇ ಲೆಕ್ಕ. ಮತ್ತೆ ಒತ್ತಿದ, ಮತ್ತೆ ಮಂಕಾಯಿತು. "ಥತ್" ಎಂದ. ಮತ್ತೆ ಒತ್ತಿದ. ನಾವು ಗರ ಬಡಿದವರಂತೆ ನಗುತ್ತಾ ಕೂತೇ ಇದ್ದೆವು.

ಆ ಕಡೆ ನರ್ಸಮ್ಮ ಮತ್ತೊಮ್ಮೆ, "ನಮಸ್ಕಾರ, ಕೇಳಿಸ್ತಿದ್ಯಾ?" ಎಂದರು. ಉತ್ತರವಿಲ್ಲ. ಟಿಕೆಟ್ ಕಲೆಕ್ಟರು ಪರದೆಯ ಹತ್ತಿರ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿದರು. "ಸ್ಟಕ್ ಆಗಿದೆ. ಯಾರೂ ಕಣ್ಣು ಮಿಟುಕಿಸ್ತಿಲ್ಲ."

"ನೆಟ್ ಇರ್ಬೇಕಪ್ಪ. ಒಂಚೂರು ತಡೀರಿ, ಸರಿಹೋಗುತ್ತೆ" ಎಂದ ಹುಡುಗ.

"ಅಬ್ಬಾ, ಅಷ್ಟರೊಳಗೆ ಕಾಲಾದ್ರೂ ನೀಡಿಕೊಳ್ಳೋಣ" ಎಂದು ಅವರು ಎದ್ದು ನಿಂತರು.

ಮೇಲೆ ಕೋಟು, ಟೈ. ಕೆಳಗೆ ನೀಲಿ ಗೀಟಿನ ಪೈಜಾಮ. ಒಂದು ಮಂಡಿಯ ಮೇಲೆ ತೇಪೆ.

ಇಲ್ಲಿ ನಮ್ಮ ನಿಜವಾದ ಸಂಕಟ ಶುರುವಾಯಿತು. ಅವರು ಏಳುವ ಮುನ್ನ ಯಾರಾದರೂ ಕೈ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ಈಗ ಆಡಿಸಿದರೆ, ನಾವು ಪೈಜಾಮ ನೋಡಿದೆವು ಎಂದಾಗುತ್ತದೆ. ಬೀಗರಾಗಬೇಕಾದ ಹಿರಿಯರಿಗೆ ಮೊದಲ ಭೇಟಿಯಲ್ಲೇ ಅಂಥ ಮುಜುಗರ ಮಾಡುವುದು ಹೇಗೆ? ಮರ್ಯಾದಸ್ಥರಾದ ನಾವು ಉಸಿರನ್ನೂ ಸಣ್ಣ ಮಾಡಿಕೊಂಡೆವು.

"ಯಾರೂ ಅಲ್ಲಾಡ್ಬೇಡಿ" ಎಂದು ಹಲ್ಲಿನ ಸಂದಿಯಿಂದ ಹೇಳಿದವಳು ಈ ಸಲ ಮಗಳು.

"ಈಗ ಬಂದ್ಲು ದಾರಿಗೆ" ಎಂದ ತಮ್ಮ ಸಂತೋಷದಿಂದ.

ಆ ಕಡೆ ಪೈಜಾಮ ಆಚೆಯಿಂದೀಚೆಗೆ ಅಡ್ಡಾಡತೊಡಗಿತು. "ಕೂತ್ಕೊಳ್ಳಿ ರೀ, ಸರಿಹೋದ್ರೆ ಮಾನ ಹೋಗುತ್ತೆ" ಎಂದರು ನರ್ಸಮ್ಮ.

"ಹೋಗ್ಲಿ ಬಿಡೇ. ಈ ಪಕ್ಕದೋರು ಯಾರು? ಟೇಪು ಹಾಕ್ಕೊಂಡಿದಾರೆ."

"ಹುಡುಗಿ ಅಪ್ಪ ಇರ್ಬೇಕು."

"ಅಲ್ಲಮ್ಮ, ಅವರಪ್ಪ ಫೋಟೋಗ್ರಾಫರು. ಇವರು ಯಾರೋ ಗೊತ್ತಿಲ್ಲ" ಎಂದ ಹುಡುಗ.

ಟೈಲರ್ ಮಾಸ್ಟ್ರ ಕಿವಿ ಕೆಂಪಗಾಯಿತು. ಪುಣ್ಯಾತ್ಮ, ಅಲುಗಾಡಲಿಲ್ಲ. ತೂಕಕ್ಕೆ ಬಂದ ಮನುಷ್ಯ ತೂಕ ಕಳೆದುಕೊಳ್ಳಲಿಲ್ಲ.

"ಹಾಗಾದ್ರೆ ಅಪ್ಪ ಎಲ್ಲಿ?" ಪೈಜಾಮ ನಿಂತಿತು. "ಮುಖ ನೋಡ್ತೀನಿ ಅಂತ ಹೇಳಿ ಕಳಿಸಿದ್ದೆ ತಾನೇ? ಪಕ್ಕದ ಮನೆಯೋರನ್ನ ಕೂರ್ಸಿದಾರೆ, ಹೆತ್ತ ಅಪ್ಪ ಬಂದು ಕೂತಿಲ್ಲ. ನೋಡೋ, ಎಷ್ಟು ಬೋಗಿ ಹತ್ತಿ ಇಳಿದಿದೀನಿ ನಾನು. ಮುಖ ತಪ್ಪಿಸ್ಕೊಳ್ಳೋನ ಹತ್ರ ಟಿಕೆಟ್ ಇರಲ್ಲ. ಈ ಮನುಷ್ಯನಿಗೆ ಸಂಬಂಧ ಇಷ್ಟ ಇಲ್ಲ ಅಷ್ಟೆ. ನಮಗ್ಯಾಕೆ ಬೇಕು?"

"ಅಪ್ಪ, ಹಾಗಲ್ಲ..."

"ಮುಂದಿನ ಸ್ಟೇಷನ್ನಲ್ಲಿ ಇಳಿದುಬಿಡೋಣ. ಬೇರೆ ನೋಡೋಣ."

ಮಗಳ ಮುಖದಲ್ಲಿ ನಗು ಹಾಗೇ ಇತ್ತು. ಅದರ ಮೇಲಿಂದ ಎರಡು ಹನಿ ಮೆಲ್ಲಗೆ ಇಳಿದವು. ಅವಳ ತಾಯಿ ಕುರ್ಚಿಯ ಕೆಳಗೆ, ಫೋಟೋದಲ್ಲಿ ಕಾಣದ ಹಾಗೆ, ಮಗಳ ಬೆರಳನ್ನು ಹಿಡಿದುಕೊಂಡಳು. ನಾನು ಕಣ್ಣಿನ ಅಂಚಿನಿಂದ ತಮ್ಮನನ್ನು ನೋಡಿದೆ. ಅವನ ಕೈ ಗುಂಡಿಗಳ ಮೇಲೆ ನಿಂತುಹೋಗಿತ್ತು. ಒಂದು ಗೇಣು ಈಚೆ ಬಾಗಿದ್ದರೆ ಸಾಕು, ಹೆತ್ತ ಅಪ್ಪನ ಮುಖ ಪರದೆ ತುಂಬಾ ಕಾಣುತ್ತಿತ್ತು. ಅವನು ಬಾಗಲಿಲ್ಲ. ಕ್ಯಾಮೆರಾ ಹಿಡಿದಂದಿನಿಂದ ಚೌಕಟ್ಟಿನ ಹೊರಗಿದ್ದವನಿಗೆ ಒಳಗೆ ಬರುವ ದಾರಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ.

"ಬೆಳಕು ಸಾಲ್ತಿಲ್ಲ" ಎಂದ. "ಚೆನ್ನಾಗಿ ಒಂದು ಬಂದುಬಿಟ್ರೆ ಎಲ್ಲಾ ಸರಿಹೋಗುತ್ತೆ."

ಕೈ ಚಾಚಿ ಗೋಡೆಯ ಸಾಕೆಟ್ಟಿನಿಂದ ಲ್ಯಾಪ್‌ಟಾಪಿನ ಪ್ಲಗ್ಗು ಕಿತ್ತು, ಸ್ಟುಡಿಯೋ ದೀಪದ್ದನ್ನು ಸಿಕ್ಕಿಸಿದ. ಆ ಲ್ಯಾಪ್‌ಟಾಪಿಗೆ ವಯಸ್ಸಾಗಿದೆ. ವೈರು ಕಿತ್ತರೆ ಬಹಳ ಹೊತ್ತು ಉಸಿರಾಡುವುದಿಲ್ಲ. ದೀಪ ಮಾತ್ರ ಧಗ್ಗನೆ ಹತ್ತಿತು. ಅದರ ಮುಸುಕಿನ ಧೂಳು ಮೊದಲು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ತೆಳ್ಳಗೆ ಹೊಗೆಯಾಗಿ ಎದ್ದು ನಮ್ಮ ತಲೆಗಳ ಸುತ್ತ ತೇಲತೊಡಗಿತು. ನಾವು ನಗುತ್ತಲೇ ಇದ್ದೆವು.

ನರ್ಸಮ್ಮ ಪರದೆಗೆ ಮುಖ ತಂದರು. "ರೀ, ಸ್ಟಕ್ ಆಗಿದೆ ಅಂದ್ರಲ್ಲ."

"ಹೂಂ."

"ಹಿಂದುಗಡೆ ಫ್ಯಾನ್ ತಿರುಗ್ತಾ ಇದೆ."

ಈಗ ಪೈಜಾಮವೂ ಅಲುಗಾಡಲಿಲ್ಲ.

"ಹೊಗೆನೂ ಆಡ್ತಿದೆ. ಜನ ಮಾತ್ರ ಅಲ್ಲಾಡ್ತಿಲ್ಲ" ಎಂದು ನರ್ಸಮ್ಮ ಎದೆ ಹಿಡಿದುಕೊಂಡರು. "ಅಯ್ಯೋ, ಗ್ಯಾಸ್ ಸೋರಿದೆ ಕಣ್ರೀ. ನಗ್ತಾ ನಗ್ತಾನೇ ಪ್ರಜ್ಞೆ ತಪ್ಪಿದಾರೆ. ಹುಡುಗಿ ಕಣ್ಣಲ್ಲಿ ನೀರು ನೋಡಿ. ಫೋನ್ ಮಾಡೋ, ಫೈರ್ ಸ್ಟೇಷನ್ನಿಗೆ ಫೋನ್ ಮಾಡೋ."

ಹೊಗೆ ಎಂಬ ಮಾತು ಕೇಳಿದ್ದೇ ನಾವು ನಾಲ್ವರೂ ಹಿಂತಿರುಗಿ ನೋಡಿದೆವು. ಮಗಳು ಚೀರಿದಳು. ಟೈಲರ್ ಮಾಸ್ಟ್ರು ಕುರ್ಚಿ ಸಮೇತ ಎದ್ದರು. ತಮ್ಮ, ಕಾಲು ಜೋಮು ಹಿಡಿದು ಏಳಲಾಗದೆ, ಎರಡೂ ಕೈಯನ್ನು ಲ್ಯಾಪ್‌ಟಾಪಿನ ಮೇಲೆ ಊರಿ ತನ್ನನ್ನು ತಾನೇ ಮೇಲೆತ್ತಿಕೊಂಡು, ದೀಪದ ಕಡೆ ಒಂದು ನೆಗೆತ ನೆಗೆದ. ಪರದೆ ಮಂಕಾಯಿತು, ಬೆಳಗಿತು, ಆಮೇಲೆ ಪೂರ್ತಿ ಕಪ್ಪಾಯಿತು. ಅದರ ಉಸಿರು ಅಷ್ಟೇ ಇತ್ತು.

ದೀಪದ ಮೇಲೆ ತಮ್ಮನ ಹೆಂಡತಿ ಒದ್ದೆ ಟವೆಲು ಎಸೆದಳು. ಹೊಗೆ ಚುಸ್ಸೆಂದು ನಿಂತಿತು. ಜಗಳ ಎದ್ದಿತು.

"ಅವರು ಏನಂದ್ಕೊಂಡ್ರು ಕೇಳಿಸ್ತಾ? ನಿಂಗೆ ಇಷ್ಟ ಇಲ್ಲ ಅಂದ್ಕೊಂಡ್ರು. ಎಲ್ಲಾ ಮುಗೀತು, ನಿನ್ನ ಒಂದು ಫೋಟೋಗೋಸ್ಕರ" ಎಂದು ಮಗಳು ಮುಖ ಮುಚ್ಚಿಕೊಂಡಳು. ತಮ್ಮ ನೆಲದ ಮೇಲೆ ಕೂತು ಸುಟ್ಟ ಮುಸುಕನ್ನು ಮಡಚುತ್ತಿದ್ದ. ನಾನು ಫೋನುಗಳ ಡಬ್ಬಿ ತರಲು ಮೆಟ್ಟಿಲ ತನಕ ಹೋದೆ. ಅಷ್ಟರಲ್ಲಿ ಬೀದಿಯ ಕೊನೆಯಿಂದ ಸೈರನ್ ಕೇಳಿತು. ಅಗ್ನಿಶಾಮಕ ಠಾಣೆ ನಮ್ಮ ಪಕ್ಕದ ಬೀದಿಯಲ್ಲೇ ಇದೆ.

ಹಿಂದೆಯೇ ನೆರೆಹೊರೆ ಬಂತು. ಎದುರು ಮನೆಯಾಕೆ ಒಂದು ಬಕೆಟ್ ನೀರು ಹೊತ್ತು ತಂದು, ಎಲ್ಲಿ ಸುರಿಯಬೇಕೆಂದು ತಿಳಿಯದೆ ಕೊನೆಯ ತನಕ ಹಿಡಿದೇ ನಿಂತಿದ್ದಳು. ಒಬ್ಬರು ಒದ್ದೆ ಕಂಬಳಿ ತಂದರು. ಏನೂ ತರಲಾಗದವರು ಸುದ್ದಿ ತಂದರು: ಮದುವೆ ಮಾತು ಮುರಿದು ಹುಡುಗಿಯ ಅಪ್ಪ ಲ್ಯಾಪ್‌ಟಾಪಿಗೆ ಬೆಂಕಿ ಹಚ್ಚಿದನಂತೆ.

ಹೆಲ್ಮೆಟ್ ಹಾಕಿದ ಅಧಿಕಾರಿ ಮೆಟ್ಟಿಲು ಹತ್ತಿ ಬಂದು ಹಜಾರದ ನಡುವೆ ನಿಂತರು. "ಪ್ರಜ್ಞೆ ತಪ್ಪಿದವರು ಯಾರು?"

ಟೈಲರ್ ಮಾಸ್ಟ್ರು ಕೈ ಎತ್ತಿದರು. "ನಾವೇ ಸಾರ್."

"ಬೆಂಕಿ ಎಲ್ಲಿ?"

"ಟವೆಲ್ ಕೆಳಗಿದೆ ಸಾರ್. ಈಗಿಲ್ಲ."

ಅಧಿಕಾರಿ ಎಲ್ಲರನ್ನೂ ಒಮ್ಮೆ ನೋಡಿದರು. "ದೂರದ ಊರಿಂದ ಕರೆ. ನಾಲ್ಕು ಜನ ಹೊಗೆ ಮಧ್ಯೆ ಕಣ್ಣು ಬಿಟ್ಕೊಂಡು ನಗ್ತಾ ಪ್ರಜ್ಞೆ ತಪ್ಪಿ ಕೂತಿದಾರೆ ಅಂತ. ನನ್ನ ಸರ್ವೀಸಲ್ಲಿ ನಗ್ತಾ ಪ್ರಜ್ಞೆ ತಪ್ಪಿದವರನ್ನ ನೋಡಿಲ್ಲ, ಅದಕ್ಕೆ ನಾನೇ ಬಂದೆ. ಇಲ್ಲಿ ನೋಡಿದ್ರೆ ಜಗಳ ಆಡ್ತಾ ಆರಾಮಾಗಿದೀರಿ. ಅಲ್ಲಿಗೆ ಇದು ಸುಳ್ಳು ಕರೆ. ಕರೆ ಮಾಡಿದವನ ಮೇಲೆ ಕ್ರಮ ಆಗುತ್ತೆ."

ಮಗಳ ಮುಖ ಬಿಳಿಚಿತು. ಕರೆ ಮಾಡಿದವನು ಆ ಹುಡುಗ.

"ಸಾರ್, ಅವರು ಸುಳ್ಳು ಹೇಳಿಲ್ಲ. ನಾವು ನಿಜವಾಗ್ಲೂ ಹಾಗೇ ಕೂತಿದ್ವಿ."

"ಸುಮ್ನೆ ಯಾರಾದ್ರೂ ಹಾಗೆ ಕೂರ್ತಾರೇನಮ್ಮ? ಸಾಕ್ಷಿ ಏನಿದೆ?"

ಅವಳು ಅಪ್ಪನ ಕಡೆ ನೋಡಿದಳು. ದೀಪದ ಪ್ಲಗ್ಗು ಕಿತ್ತು, ಲ್ಯಾಪ್‌ಟಾಪಿನದ್ದು ಸಿಕ್ಕಿಸಿ, ಚಿತ್ರಗಳ ಫೋಲ್ಡರು ತೆರೆದು, ಅದರೊಳಗಿನ ಸ್ಕ್ರೀನ್‌ಶಾಟ್ ಫೋಲ್ಡರು ತೆರೆದಳು.

ಪರದೆಯ ತುಂಬಾ ನಾವೇ. ಸಾಲು ಸಾಲಾಗಿ, ಒಂದರ ತದ್ರೂಪು ಇನ್ನೊಂದು. ಎಲ್ಲದರಲ್ಲೂ ನಾಲ್ವರ ಅದೇ ನಗು.

"ಎಲ್ಲಾ ಬಂದಿದೆ" ಎಂದ ತಮ್ಮ, ನೆಲದ ಮೇಲಿಂದಲೇ ಕತ್ತು ಚಾಚಿ. ಅವನ ದನಿಯಲ್ಲಿ ಆಶ್ಚರ್ಯ. "ಮಂಕಾದ್ರೂ ಬಂದಿದೆ."

"ಮಂಕಾದ್ರೇನೇ ಬಂದ ಹಾಗಪ್ಪ. ಅದನ್ನೇ ಹೇಳೋಕೆ ಬಂದಿದ್ದೆ."

ಅಧಿಕಾರಿ ಹೆಲ್ಮೆಟ್ ತೆಗೆದಿಟ್ಟು, ಸ್ಟೂಲಿನ ಮುಂದೆ ಬಾಗಿ ಒಂದೊಂದನ್ನೇ ನೋಡಿದರು. ಕೊನೆಯದಕ್ಕೆ ಬಂದಾಗ ನಿಂತರು. ನೆಗೆಯಲು ತಮ್ಮ ಕೈ ಊರಿದನಲ್ಲ, ಆಗ ಅವನ ಬೆರಳು ಬಿದ್ದದ್ದು ಅದೇ ಮೂರು ಗುಂಡಿಗಳ ಮೇಲೆ. ಮುದಿ ಲ್ಯಾಪ್‌ಟಾಪು ಒಂದು ಗಳಿಗೆ ತಡವಾಗಿ, ಅವನು ನೆಗೆದ ಮೇಲೆ ಚಿತ್ರ ಹಿಡಿದಿತ್ತು. ಆ ಚಿತ್ರದಲ್ಲಿ ಯಾರೂ ಸುಮ್ಮನಿಲ್ಲ. ನಾನು ಬಾಯಿ ಬಿಟ್ಟಿದ್ದೇನೆ, ತಮ್ಮನ ಹೆಂಡತಿ ಟವೆಲಿಗೆ ಓಡುತ್ತಿದ್ದಾಳೆ, ಟೈಲರ್ ಮಾಸ್ಟ್ರ ಅಳತೆಪಟ್ಟಿ ಗಾಳಿಯಲ್ಲಿದೆ. ಚಿತ್ರದ ಇನ್ನೊಂದು ಅರ್ಧದಲ್ಲಿ ನರ್ಸಮ್ಮ ನಮ್ಮ ಕಡೆ ಎರಡೂ ಕೈ ಚಾಚಿದ್ದಾರೆ, ಹುಡುಗ ಫೋನು ಒತ್ತುತ್ತಿದ್ದಾನೆ, ಗೀಟಿನ ಪೈಜಾಮ ಸೋಫಾ ಹತ್ತಿ ನಿಂತಿದೆ. ನಮ್ಮ ಅರ್ಧದ ನಟ್ಟನಡುವೆ, ಮಗಳಿಗೆ ಅಡ್ಡವಾಗಿ ತೋಳು ಚಾಚಿ, ತಲೆ ಕೆದರಿ, ಕಣ್ಣು ಅಗಲಿಸಿ, ನನ್ನ ತಮ್ಮ.

"ಇದನ್ನ ನೋಡಿದ್ರೆ ನಾನೂ ಫೋನ್ ಮಾಡ್ತಿದ್ದೆ" ಎಂದರು ಅಧಿಕಾರಿ. "ಕ್ರಮ ಏನೂ ಇಲ್ಲ. ಆದ್ರೆ ಯಜಮಾನ್ರೇ, ಆ ದೀಪ ಮತ್ತೆ ಹಚ್ಚಿದ್ರೆ ನಿಮ್ಮ ಮೇಲೆ ಕ್ರಮ." ಹೋಗುವಾಗ ಎದುರು ಮನೆಯಾಕೆಯ ಕೈಯಿಂದ ಬಕೆಟ್ಟನ್ನು ಇಸಿದುಕೊಂಡು, ತಾವೇ ಅವಳ ಮನೆ ಬಾಗಿಲ ತನಕ ಹೊತ್ತುಕೊಟ್ಟರು.

ಮಗಳು ವಿವರಣೆ ಬರೆಯುವ ಗೋಜಿಗೇ ಹೋಗಲಿಲ್ಲ. ಆ ಕೊನೆಯ ಚಿತ್ರವನ್ನೇ ಆ ಮನೆಗೆ ಕಳಿಸಿ, ಹಿಂದೆಯೇ ಕರೆ ಮಾಡಿದಳು. ಕೆಂಪು ದೀಪವನ್ನು ಈ ಸಲ ಅವಳೇ ಆರಿಸಿದಳು.

ನರ್ಸಮ್ಮನ ಮುಖ ಮೊದಲು ಬಂತು. "ಎಲ್ಲಾ ಇದೀರಾ? ಉಸಿರಾಡ್ತಿದೀರಾ? ಒಬ್ಬೊಬ್ಬರೇ ಕೈ ಆಡ್ಸಿ ನೋಡೋಣ." ನಾವು ಶಾಲೆಯ ಮಕ್ಕಳಂತೆ ಕೈ ಆಡಿಸಿದೆವು. ಟೈಲರ್ ಮಾಸ್ಟ್ರು ಎರಡೂ ಕೈ ಆಡಿಸಿದರು.

ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೇಳುತ್ತಾ ಕೇಳುತ್ತಾ ಟಿಕೆಟ್ ಕಲೆಕ್ಟರ ಮುಖ ಪೆಚ್ಚಾಗುತ್ತಾ ಹೋಯಿತು. "ಅಂದ್ರೆ... ನಮ್ಮ ಮಾತೆಲ್ಲ ನಿಮಗೆ ಕೇಳಿಸ್ತಿತ್ತಾ?"

ನಾವೆಲ್ಲ ಒಟ್ಟಿಗೇ ನೆಲ ನೋಡಿದೆವು.

"ಎಲ್ಲಾನೂ?"

"ಪೈಜಾಮ ನಾವು ನೋಡಿಲ್ಲ" ಎಂದರು ಟೈಲರ್ ಮಾಸ್ಟ್ರು ಸಮಾಧಾನಕ್ಕೆ. "ಆದ್ರೆ ಆ ತೇಪೆ ಹಾಕಿದವರು ದಾರ ತಪ್ಪು ಆರಿಸಿದಾರೆ ಸಾರ್. ಕಳಿಸಿಕೊಡಿ, ಹೊಲಿದು ಕೊಡ್ತೀನಿ."

ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿತ್ತು. ಟಿಕೆಟ್ ಕಲೆಕ್ಟರು ಮಾತ್ರ ನಗಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ನಾವು ಕಳಿಸಿದ ಚಿತ್ರವನ್ನು, ಸಂಶಯದ ಟಿಕೆಟ್ಟೊಂದನ್ನು ಬೆಳಕಿಗೆ ಹಿಡಿದ ಹಾಗೆ, ಬಹಳ ಹೊತ್ತು ನೋಡಿದರು.

"ಮಧ್ಯದಲ್ಲಿ ನೆಗೀತಿದಾರಲ್ಲ, ಮಗಳಿಗೆ ಅಡ್ಡ ಕೈ ಹಿಡಿದು. ಇವರೇನಾ ಅಪ್ಪ?"

"ಹೂಂ" ಎಂದಳು ಮಗಳು.

"ನಾನು ಮಾತಾಡುವಾಗ ಎಲ್ಲಿದ್ರು ಇವರು?"

"ಇಲ್ಲೇ. ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ. ಅಷ್ಟೂ ಹೊತ್ತು" ಎಂದೆ ನಾನು.

ನಾನು ತಮ್ಮನ ತೋಳು ಹಿಡಿದು ಎಳೆದೆ. ಅವನು ಕುಂಟುತ್ತಾ ಬಂದು, ಕ್ಯಾಮೆರಾ ಹಿಡಿದ ಮೇಲೆ ಮೊದಲ ಸಲ ಚೌಕಟ್ಟಿನ ಒಳಗೆ ನಿಂತ. ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು ತಿಳಿಯದೆ, ಅವನು ಹೆದರಿಸಿಟ್ಟ ಸಾವಿರ ಜನರ ಹಾಗೆಯೇ ನೆಟ್ಟಗೆ ನಿಂತ.

ಆ ಕಡೆಯ ಮುಖ ಅವನನ್ನು ನೋಡಿತು. ನಮ್ಮ ಹುಡುಗಿಯ ಉಸಿರು ನಿಂತಿದ್ದು ನನಗೆ ಕೇಳಿಸಿತು.

"ಮಂಡಿ ಹೇಗಿದೆ, ಬೀಗರೇ?" ಎಂದರು ಟಿಕೆಟ್ ಕಲೆಕ್ಟರು.

ತಮ್ಮ ಬಗ್ಗಿ ತನ್ನ ಮಂಡಿ ಮುಟ್ಟಿ ನೋಡಿಕೊಂಡ. ಮಾತಾಡಿದವರು ನರ್ಸಮ್ಮ. "ಬಿಸಿನೀರಿಗೆ ಉಪ್ಪು ಹಾಕಿ ಶಾಖ ಕೊಡಿ. ಇವತ್ತು ಮೆಟ್ಟಿಲು ಹತ್ತಿ ಇಳಿಯೋ ಹಾಗಿಲ್ಲ. ನನ್ನ ಮಾತು ಕೇಳಿ, ಮಂಡಿ ವಿಷಯದಲ್ಲಿ ನಾನು ಪೆಟ್ಟು ತಿಂದವಳು." ಆಮೇಲೆ ಎರಡು ಮನೆಯವರೂ ಒಟ್ಟಿಗೇ ಮಾತಾಡತೊಡಗಿ, ಯಾರ ಮಾತು ಯಾರಿಗೂ ಕೇಳಿಸದೆ, ಎಲ್ಲವೂ ಒಪ್ಪಿಗೆಯಾಯಿತು.

ಟೈಲರ್ ಮಾಸ್ಟ್ರಿಗೆ ಮೊದಲು ಬಡಿಸಿದೆವು. ಅರ್ಧ ಪ್ಯಾಂಟಿನ ಗಿರಾಕಿ ಕೆಳಗೆ ಕಾಯುತ್ತಿದ್ದ, ಅವನಿಗೂ ಬಡಿಸಿದೆವು. ನಾನೂ ಉಂಡೆ, ಮಗಳು ಫೋನು ಕಿವಿಗಿಟ್ಟುಕೊಂಡೇ ಉಂಡಳು. ಬೆಳಿಗ್ಗೆಯಿಂದ ಉಣ್ಣದೆ ಉಳಿದವನು ತಮ್ಮ ಒಬ್ಬನೇ.

ಅವನು ಹಜಾರದ ನೆಲದ ಮೇಲೆ ಗೋಡೆಗೆ ಒರಗಿ, ಎರಡೂ ಕಾಲು ನೀಡಿ, ಲ್ಯಾಪ್‌ಟಾಪನ್ನು ಪಕ್ಕದಲ್ಲಿಟ್ಟುಕೊಂಡು ಆ ಒಂದೇ ಚಿತ್ರ ನೋಡುತ್ತಾ ಕೂತಿದ್ದ. ಅವನ ತಲೆಯ ಮೇಲೆ ಖಾಲಿ ಮೊಳೆ.

"ಫೋಕಸ್ ಇಲ್ಲ. ಬೆಳಕು ಒಂದೇ ಕಡೆ ಬಿದ್ದಿದೆ. ಒಬ್ರೂ ಸರಿಯಾಗಿ ಕೂತಿಲ್ಲ" ಎಂದ. "ಆದ್ರೂ ದೊಡ್ಡದು ಮಾಡ್ಸೋಣ ಅಲ್ವಾ ಅಕ್ಕ?"

ಅಡುಗೆಮನೆಯಿಂದ ಅವನ ಹೆಂಡತಿ ಬಂದಳು. ದೀಪ ಹಚ್ಚಿದಾಗಿನಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಿಂದ ಹಬೆ. ನಮ್ಮ ಊಟ ಆರಿತ್ತು. ಅವನದನ್ನು ಮತ್ತೆ ಬಿಸಿ ಮಾಡಿದ್ದಳು. ಅವಳನ್ನು ಕಂಡು ಅವನು ಗೋಡೆ ಹಿಡಿದು ಏಳಲು ಹೊರಟ.

"ಅಲ್ಲಾಡ್ಬೇಡಿ" ಎಂದು ಅವಳು ಬಾಗಿ, ತಟ್ಟೆಯನ್ನು ಅವನ ಕೈಗಿತ್ತು ಒಳಗೆ ಹೋದಳು.